ವಯೋವಂಚನೆ ಮತ್ತು ಸತ್ಯಶುದ್ಧ ಕಾಯಕ

ಮನುಷ್ಯನು ತನ್ನ ಧನವನ್ನು ಕುರಿತು, ಕುಲವನ್ನು ಕುರಿತು, ವಿದ್ಯೆಯನ್ನು ಕುರಿತು ಸುಳ್ಳಾಡುವುದು ಎಲ್ಲ ಕಾಲದಲ್ಲಿಯೂ ಕಂಡುಬಂದಿರುವ ಸಂಗತಿ. ತನ್ನ ಪ್ರಾಯವನ್ನು ಕುರಿತು ಆಡುವ ಸುಳ್ಳನ್ನು ಮಾತ್ರ ಲೋಕವು ಅಷ್ಟು ದೊಡ್ಡ ದೋಷವೆಂದು ಎಣಿಸಿದಂತೆ ತೋರುವುದಿಲ್ಲ. ಅದು ನಕ್ಕು ಬಿಡತಕ್ಕ ವಿಷಯವೆಂದೇ ಬಹುಜನರ ಭಾವನೆ. ಆದರೆ ಹುಟ್ಟಿದ ವರ್ಷವೊಂದರ ಮೇಲೆಯೇ ಒಬ್ಬನಿಗೆ ಅನ್ನವೂ ಕೀರ್ತಿಯೂ ದೊರೆತು ಮತ್ತೊಬ್ಬನಿಗೆ ಅವೆರಡೂ ತಪ್ಪಿಹೋಗುವ ಪ್ರಸಂಗ ಒದಗಿದಾಗ ಈ ಸುಳ್ಳಿನ ನಿಜವಾದ ತೂಕವು ತಿಳಿದುಬರುತ್ತದೆ. ಅಂತಹ ಪ್ರಸಂಗವು ಹಲವು ದಶಕಗಳಿಂದ ಅಂತರರಾಷ್ಟ್ರೀಯ ಕಿರಿಯರ ಕಾಲ್ಚೆಂಡಾಟದಲ್ಲಿ, ಎಂದರೆ ಫುಟ್‌ಬಾಲ್ ಪಂದ್ಯಗಳಲ್ಲಿ, ಮತ್ತೆ ಮತ್ತೆ ಒದಗುತ್ತ ಬಂದಿದೆ. ಆಟದ ಮಾತು ಮಠದ ಪತ್ರಿಕೆಗೇಕೆ ಎಂದು ಕೆಲವು ಭಕ್ತರಿಗೆ ಅನಿಸಬಹುದು. ದೋಣಿ ನಡೆಸುವುದು, ಬಟ್ಟೆ ಮಡಿಮಾಡುವುದು, ಹಗ್ಗ ಹೊಸೆಯುವುದು, ಬಿದಿರು ಸೀಳುವುದು ಇವುಗಳನ್ನೆಲ್ಲ ಧರ್ಮವಿಚಾರಕ್ಕೆ ಯೋಗ್ಯವೆಂದು ತಿಳಿದವರು ಶರಣರು. ಸಾವಿರಾರು ತರುಣರು ಹೊಟ್ಟೆಯ ಪಾಡಿಗಾಗಿ ಆಡುವ ಆಟವು ಅವರ ಪಾಲಿಗೆ ಕಾಯಕವೇ ಆಗಿರುವಾಗ, ಆ ಕಾಯಕವು ಶುದ್ಧವೋ ಅಶುದ್ಧವೋ ಎಂಬ ವಿಚಾರಣೆಯು ಅಪ್ರಸ್ತುತವಾಗಲಾರದು.

ಮೊದಲು ವಿಷಯದ ಸ್ವರೂಪವನ್ನು ತಿಳಿಯಬೇಕು. ಕಾಲ್ಚೆಂಡಾಟದ ಜಾಗತಿಕ ಸಂಸ್ಥೆಯಾದ ಫಿಫಾ, ಇಪ್ಪತ್ತು ವರ್ಷದೊಳಗಿನವರಿಗಾಗಿ ೧೯೭೭ರಲ್ಲಿ ಟ್ಯುನೀಸಿಯಾ ದೇಶದಲ್ಲಿಯೂ, ಹದಿನಾರು ವರ್ಷದೊಳಗಿನವರಿಗಾಗಿ ೧೯೮೫ರಲ್ಲಿ ಚೀನದಲ್ಲಿಯೂ ವಿಶ್ವಸ್ಪರ್ಧೆಗಳನ್ನು ಆರಂಭಿಸಿತು. ಎರಡನೆಯದು ೧೯೯೧ರಿಂದ ಹದಿನೇಳು ವರ್ಷದೊಳಗಿನವರ ಸ್ಪರ್ಧೆಯಾಯಿತು. ೨೦೧೭ರಲ್ಲಿ ಅದು ಭಾರತದಲ್ಲಿಯೇ ನಡೆದು, ಕಲಕತ್ತೆಯ ಅಂತಿಮ ಪಂದ್ಯದಲ್ಲಿ ಇಂಗ್ಲೆಂಡಿನ ಹುಡುಗರು ಸ್ಪೇನಿನವರನ್ನು ೫–೨ರಿಂದ ಗೆದ್ದುದನ್ನು ಅನೇಕರು ಬಲ್ಲರು. ಪ್ರಾಯದ ಮೇರೆಯನ್ನು ಈಗ ಜನವರಿ ೧ರಿಂದ ಎಣಿಸುವುದು ಪದ್ಧತಿ. ಹದಿನಾರರ ಹುಡುಗನಿಗೂ ಹತ್ತೊಂಬತ್ತರ ಯುವಕನಿಗೂ ಇರುವ ಅಂತರವು ಮೂವತ್ತರವನಿಗೂ ಮೂವತ್ತಮೂರರವನಿಗೂ ಇರುವ ಅಂತರದಂತಲ್ಲ. ಎಲುಬು ಗಟ್ಟಿಯಾಗುವ, ತೊಡೆಯಲ್ಲಿ ಬಲ ತುಂಬುವ, ಎದೆ ಹರಡುವ ವರ್ಷಗಳವು. ಜನವರಿಯಲ್ಲಿ ಹುಟ್ಟಿದ ಹುಡುಗನು ಅದೇ ವರ್ಷದ ದಶಂಬರದಲ್ಲಿ ಹುಟ್ಟಿದವನಿಗಿಂತ ಆಯ್ಕೆಯಲ್ಲಿ ಮುಂದಿರುವುದು ಪ್ರಾಮಾಣಿಕವಾದ ತಂಡಗಳಲ್ಲಿಯೂ ಕಂಡುಬಂದಿದೆ. ಹನ್ನೊಂದು ತಿಂಗಳೇ ಇಷ್ಟು ಮಾಡಬಲ್ಲವಾದರೆ ಮೂರು ವರ್ಷವೇನು ಮಾಡಲಾರದು!

ಕಿರಿಯರ ಪಂದ್ಯದಲ್ಲಿ ಮಿಂಚಿದವನನ್ನು ಯೂರೋಪಿನ ಧನಿಕ ತಂಡಗಳ ದೂತರು ಕಾದು ನೋಡುತ್ತಿರುತ್ತಾರೆ. ಹದಿನೇಳರ ಹುಡುಗನಿಗೆ ದೊರೆಯುವ ಬೆಲೆ ಇಪ್ಪತ್ತೆರಡರವನಿಗೆ ದೊರೆಯದು, ಏಕೆಂದರೆ ಕೊಳ್ಳುವವರು ಇಂದಿನ ಆಟವನ್ನಷ್ಟೇ ಕೊಳ್ಳದೆ ಮುಂದಿನ ವರ್ಷಗಳನ್ನೂ ಕೊಳ್ಳುತ್ತಾರೆ. ಆದುದರಿಂದ ಪ್ರಾಯವನ್ನು ಕಡಿಮೆ ಬರೆಯಿಸುವ ಆಶೆಯು ಹುಡುಗನ ಮನಸ್ಸಿನಲ್ಲಿ ಹುಟ್ಟುವುದಕ್ಕಿಂತ ಮುಂಚೆ ಅವನ ಸುತ್ತ ನಿಂತ ಹಿರಿಯರ ಮನಸ್ಸಿನಲ್ಲಿ ಹುಟ್ಟುವುದೇ ಹೆಚ್ಚು. ಇದನ್ನು ಮುಂದೆ ನೋಡೋಣ.

೧೯೮೯ರಲ್ಲಿ ಎರಡು ಘಟನೆಗಳು ನಡೆದವು. ಅವೆರಡನ್ನೂ ಪಕ್ಕಪಕ್ಕದಲ್ಲಿರಿಸಿ ನೋಡುವುದು ಉಪಯುಕ್ತ. ೧೯೮೮ರ ಒಲಿಂಪಿಕ್ ಕ್ರೀಡೆಗಳಿಗಾಗಿ ನೈಜೀರಿಯಾ ದೇಶವು ಕೊಟ್ಟ ಪಟ್ಟಿಯಲ್ಲಿ ಮೂವರು ಆಟಗಾರರ ಜನ್ಮದಿನಗಳು, ಅವರೇ ಹಿಂದೆ ಆಡಿದ ಕಿರಿಯರ ಪಂದ್ಯಗಳಲ್ಲಿ ಕೊಟ್ಟಿದ್ದ ಜನ್ಮದಿನಗಳಿಗೆ ಹೊಂದಲಿಲ್ಲ. ಒಂದೇ ತಾಯಿಯ ಬಸಿರಿನಿಂದ ಒಬ್ಬನು ಎರಡು ಸಲ ಹುಟ್ಟುವುದು ಸಾಧ್ಯವಿಲ್ಲವಾದ್ದರಿಂದ, ಫಿಫಾ ಆ ದೇಶವನ್ನು ಕಿರಿಯರ ಎಲ್ಲ ಸ್ಪರ್ಧೆಗಳಿಂದ ಎರಡು ವರ್ಷ ಹೊರಗಿಟ್ಟಿತು. ೧೯೯೧ರ ಕಿರಿಯರ ವಿಶ್ವಸ್ಪರ್ಧೆಯನ್ನು ನಡೆಸುವ ಗೌರವವೂ ನೈಜೀರಿಯಾಕ್ಕೆ ತಪ್ಪಿ ಪೋರ್ಚುಗಲ್ಲಿಗೆ ಹೋಯಿತು. ಅಪರಾಧವು ಕಾಗದದಿಂದಲೇ ಸಿದ್ಧವಾಯಿತು. ಶಿಕ್ಷೆಯಾದುದು ಮಾತ್ರ ಆ ಮೂವರಿಗಲ್ಲ. ಆಗ ಹದಿನಾಲ್ಕು ಹದಿನೈದು ವರ್ಷದವರಾಗಿದ್ದ, ಏನೂ ಅರಿಯದ ನೂರಾರು ಹುಡುಗರಿಗೆ.

ಅದೇ ವರ್ಷದ ಜೂನ್ ತಿಂಗಳಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಹ್ಯಾಂಪ್ಡನ್ ಪಾರ್ಕ್ ಕ್ರೀಡಾಂಗಣದಲ್ಲಿ ಹದಿನಾರು ವರ್ಷದೊಳಗಿನವರ ಅಂತಿಮ ಪಂದ್ಯವು ಜರುಗಿತು. ಆತಿಥೇಯರಾದ ಸ್ಕಾಟ್ಲೆಂಡಿನ ಹುಡುಗರು ಸೌದಿ ಅರೇಬಿಯಾದ ಹುಡುಗರೊಡನೆ ೨–೨ ಸಮವಾಗಿ ಆಡಿ, ಕೊನೆಗೆ ಪೆನಾಲ್ಟಿ ಒದೆತಗಳಲ್ಲಿ ಸೋತರು. ಗೆದ್ದವರ ಮೈಕಟ್ಟನ್ನೂ ಮೀಸೆಯನ್ನೂ ನೋಡಿ, ಇವರು ಹದಿನಾರರವರಲ್ಲವೆಂಬ ಕೂಗು ಎದ್ದಿತು. ಆ ಕೂಗು ಇಂದಿಗೂ ಅಲ್ಲಲ್ಲಿ ಕೇಳಿಬರುತ್ತದೆ. ಆದರೆ ಆರೋಪವು ಎಂದೂ ಸಿದ್ಧವಾಗಲಿಲ್ಲ, ಗೆಲುವು ಸೌದಿಗಳದಾಗಿಯೇ ಉಳಿಯಿತು. ಒಂದು ಕಡೆ ಕಾಗದದಿಂದ ಸಿದ್ಧವಾದ ದೋಷ, ಇನ್ನೊಂದು ಕಡೆ ಕಣ್ಣಿನಿಂದ ಊಹಿಸಿದ ದೋಷ. ಇವೆರಡನ್ನೂ ಜನರು ಒಂದೇ ತಕ್ಕಡಿಯಲ್ಲಿಟ್ಟು ಮಾತನಾಡುವುದುಂಟು. ಇಲ್ಲಿಯೇ ವಿವೇಕವು ತಪ್ಪುತ್ತದೆ.

ಕಾಗದವು ಸುಳ್ಳಾಡುವುದಾದರೆ, ಕಣ್ಣು ಮೋಸಹೋಗುವುದಾದರೆ, ಸಾಕ್ಷಿ ಯಾರು? ಫಿಫಾದ ವೈದ್ಯರು ಎಲುಬನ್ನು ಕೇಳಿದರು. ಮುಂಗೈಯ ಮೂಳೆಯು ಮಣಿಕಟ್ಟಿನ ಬಳಿ ಬೆಳೆಯುವ ಕಾಲದಲ್ಲಿ ಮೃದುವಾದ ಒಂದು ಪಟ್ಟಿಯಿಂದ ಎರಡು ಭಾಗವಾಗಿರುತ್ತದೆ. ಬೆಳವಣಿಗೆ ಮುಗಿಯುತ್ತ ಬಂದಂತೆ ಆ ಪಟ್ಟಿಯು ಗಟ್ಟಿಯಾಗಿ ಎರಡೂ ಭಾಗಗಳು ಬೆಸೆದುಕೊಳ್ಳುತ್ತವೆ. ಎಕ್ಸ್‌ರೇ ಕಿರಣಗಳನ್ನು ಆರೋಗ್ಯವಂತ ಹುಡುಗರ ಮೇಲೆ ಹಾಯಿಸುವುದು ಉಚಿತವಲ್ಲವೆಂದು, ಕಿರಣಗಳಿಲ್ಲದೆ ಆಯಸ್ಕಾಂತದ ಬಲದಿಂದ ಒಳಗನ್ನು ಚಿತ್ರಿಸುವ ಎಂ.ಆರ್.ಐ. ಯಂತ್ರವನ್ನು ಬಳಸಿದರು. ಸ್ವಿಟ್ಜರ್ಲೆಂಡ್, ಮಲೇಷ್ಯಾ, ಆಲ್ಜೀರಿಯಾ, ಆರ್ಜೆಂಟೀನ ಈ ನಾಲ್ಕು ದೇಶಗಳ, ೧೪ರಿಂದ ೧೯ ವರ್ಷಗಳ ೪೯೬ ಮಂದಿ ಆಟಗಾರರ ಮಣಿಕಟ್ಟುಗಳನ್ನು ನೋಡಿ, ಬೆಸುಗೆಯನ್ನು ಆರು ಹಂತಗಳಾಗಿ ವಿಂಗಡಿಸಿ, ೨೦೦೭ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಹದಿನಾರು ವರ್ಷದವರಲ್ಲಿ ಪೂರ್ಣ ಬೆಸುಗೆ ಕಂಡದ್ದು ನೂರಕ್ಕೆ ಒಬ್ಬನಿಗಿಂತಲೂ ಕಡಿಮೆ. ೨೦೦೯ರಲ್ಲಿ ನೈಜೀರಿಯಾದಲ್ಲಿಯೇ ನಡೆದ ಹದಿನೇಳರೊಳಗಿನವರ ವಿಶ್ವಸ್ಪರ್ಧೆಯಲ್ಲಿ ಈ ಪರೀಕ್ಷೆಯು ಮೊದಲ ಬಾರಿಗೆ ಜಾರಿಗೆ ಬಂದಿತು. ಸ್ಪರ್ಧೆಗೆ ಮುಂಚೆ ಆತಿಥೇಯ ತಂಡವೇ ತನ್ನ ಹುಡುಗರನ್ನು ಪರೀಕ್ಷಿಸಿ ಅನೇಕರನ್ನು ಕೈಬಿಟ್ಟಿತು. ಹಾಗೆ ಕೈಬಿಟ್ಟ ಮೇಲೆಯೂ ಅದು ಅಂತಿಮ ಪಂದ್ಯದವರೆಗೆ ಬಂದು, ಸ್ವಿಟ್ಜರ್ಲೆಂಡಿನ ಮುಂದೆ ಒಂದೇ ಗೋಲಿನಿಂದ ಸೋತದ್ದು ಗಮನಿಸತಕ್ಕ ಮಾತು. ಸುಳ್ಳಿಲ್ಲದೆ ಗೆಲ್ಲಲಾಗದೆಂಬವರಿಗೆ ಇದು ಉತ್ತರವಾದೀತು.

ಎಲುಬಿನ ಸಾಕ್ಷಿಗೂ ಮೇರೆಯುಂಟು. ಬೆಸುಗೆಯಾಗಿದ್ದರೆ ಪ್ರಾಯ ಮೀರಿರಬೇಕೆಂದು ಅದು ಹೇಳಬಲ್ಲದು. ಬೆಸುಗೆಯಾಗದಿದ್ದರೆ ಪ್ರಾಯ ಮೀರಿಲ್ಲವೆಂದು ಹೇಳಲಾರದು. ಹತ್ತೊಂಬತ್ತರವನ ಎಲುಬು ತಡವಾಗಿ ಬೆಸೆಯುವುದುಂಟು. ಅವನು ಸುಖವಾಗಿ ಪಾರಾಗುತ್ತಾನೆ. ಶೀಘ್ರವಾಗಿ ಬೆಳೆದ ಹದಿನಾರರ ಯಾವನೋ ಒಬ್ಬನು ನಿರಪರಾಧಿಯಾಗಿಯೇ ಹೊರಬೀಳಬಹುದು. ಹುಡುಗಿಯರಲ್ಲಿ ಬೆಸುಗೆಯು ಬೇಗನೆ ಆಗುವುದರಿಂದ ಈ ಪರೀಕ್ಷೆ ಅವರಿಗೆ ಸಲ್ಲದು. ಕಾಯವು ಆತ್ಮದ ಎಲ್ಲ ಲೆಕ್ಕವನ್ನೂ ಬರೆದಿಡುವುದಿಲ್ಲ. ಬಹಿರಂಗದ ಶುದ್ಧಿಯನ್ನು ಯಂತ್ರವು ಒಂದಿಷ್ಟು ಶೋಧಿಸೀತು. ಅಂತರಂಗದ ಶುದ್ಧಿಯನ್ನು ಶೋಧಿಸುವ ಹೊಣೆ ಅವನವನಿಗೇ ಉಳಿಯಿತು.

ಇನ್ನು ಪೂರ್ವಪಕ್ಷಗಳನ್ನು ಕೇಳಬೇಕು. ಮೊದಲನೆಯದು ಬಡತನದ್ದು. ಮಣ್ಣಿನ ಬಯಲಿನಲ್ಲಿ ಬರಿಗಾಲಿನಿಂದ ಆಡಿ ಬೆಳೆದವನಿಗೆ ಇಪ್ಪತ್ತರವರೆಗೆ ಯಾರೂ ಕಣ್ಣೆತ್ತಿ ನೋಡಲಿಲ್ಲ. ಧನಿಕ ದೇಶದ ಹುಡುಗನಿಗಾದರೋ ಎಂಟನೆಯ ವರ್ಷಕ್ಕೇ ಗುರುವೂ ಹುಲ್ಲಿನ ಅಂಗಣವೂ ಹಾಲೂ ದೊರೆತವು. ಆ ಕಳೆದ ವರ್ಷಗಳನ್ನು ಬಡವನು ಕಾಗದದಲ್ಲಿ ಹಿಂದಕ್ಕೆ ಪಡೆದರೆ ಅದು ಕಳವೋ ನ್ಯಾಯವೋ? ಅವನ ಹಿಂದೆ ತಾಯಿಯಿದ್ದಾಳೆ, ತಂಗಿಯರಿದ್ದಾರೆ. ಅವನ ಕಾಲುಗಳ ಮೇಲೆ ಒಂದು ಮನೆಯೇ ನಿಂತಿದೆ. ಇದಕ್ಕೆ ಇನ್ನೊಂದು ಸಂಗತಿಯೂ ಸೇರುತ್ತದೆ. ೨೦೨೪ರಲ್ಲಿ ಯುನಿಸೆಫ್ ಸಂಸ್ಥೆಯು ತಿಳಿಸಿದಂತೆ, ಜಗತ್ತಿನಲ್ಲಿ ಐದು ವರ್ಷದೊಳಗಿನ ಸುಮಾರು ೧೫ ಕೋಟಿ ಮಕ್ಕಳ ಜನನವು ಎಲ್ಲಿಯೂ ದಾಖಲಾಗಿಲ್ಲ. ಸಹರಾ ಮರುಭೂಮಿಯ ದಕ್ಷಿಣದ ಆಫ್ರಿಕದಲ್ಲಿ ಸುಮಾರು ಅರ್ಧದಷ್ಟು ಮಕ್ಕಳದೇ ಹೀಗೆ. ಹುಟ್ಟಿದ ದಿನವನ್ನು ಯಾರೂ ಬರೆದಿಡದ ಮಗುವಿಗೆ ಮುಂದೊಂದು ದಿನ ಯಾರೋ ಒಬ್ಬರು ಒಂದು ದಿನವನ್ನು ಬರೆಯಲೇಬೇಕಾಗುತ್ತದೆ. ಅರಿಯದೆ ಬರೆದ ತಪ್ಪಿಗೂ ಅರಿತು ಬರೆದ ಸುಳ್ಳಿಗೂ ಅಂತರವನ್ನು ಕಾಣದವನು ನ್ಯಾಯ ಹೇಳಲು ಅರ್ಹನಲ್ಲ.

ಈ ಪೂರ್ವಪಕ್ಷವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹಸಿದವನಿಗೆ ನೀತಿ ಹೇಳುವುದು ಉಂಡವನಿಗೆ ಸುಲಭ. ಆದುದರಿಂದ ಉತ್ತರವನ್ನು ಉಂಡವರಿಂದ ಕೇಳದೆ ಹಸಿವನ್ನು ಬಲ್ಲವರಿಂದಲೇ ಕೇಳಬೇಕು. ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳು ಕಲ್ಯಾಣದಲ್ಲಿ ನೆಲದ ಮೇಲೆ ಬಿದ್ದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ದಾಸೋಹ ನಡೆಸಿದವರು. ಅವರಿಗಿಂತ ಬಡವರನ್ನು ಶರಣರಲ್ಲಿ ಹುಡುಕುವುದು ಕಷ್ಟ. ಒಂದು ದಿನ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಅವನು ಯಾರ ಮನೆಗೂ ಕನ್ನ ಹಾಕಿರಲಿಲ್ಲ, ಯಾರ ಚೀಲಕ್ಕೂ ಕೈಯಿಟ್ಟಿರಲಿಲ್ಲ, ಬಿದ್ದದ್ದನ್ನೇ ಆಯ್ದಿದ್ದನು. ಆದರೂ ಲಕ್ಕಮ್ಮನು ಆ ಹೆಚ್ಚಿನ ಅಕ್ಕಿಯನ್ನು ಮನೆಯೊಳಗೆ ಸೇರಿಸಲಿಲ್ಲ. ಅದನ್ನು ಎಲ್ಲಿಂದ ತಂದನೋ ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಬಡತನವು ಆಕೆಗೆ ಹೆಚ್ಚನ್ನು ತೆಗೆದುಕೊಳ್ಳಲು ಪರವಾನಗಿಯಾಗಲಿಲ್ಲ. ಈ ಕಥೆಯನ್ನು ಸಾಮಾನ್ಯವಾಗಿ ಅಪರಿಗ್ರಹದ ದೃಷ್ಟಾಂತವೆಂದು ಹೇಳುವುದುಂಟು. ಅದರಲ್ಲಿ ಇನ್ನೊಂದು ಮಾತೂ ಅಡಗಿದೆ. ಆ ಹೆಚ್ಚಿನ ಅಕ್ಕಿ ಬೇರೊಬ್ಬ ಆಯುವವನಿಗೆ ಸಿಗಬೇಕಾದದ್ದು. ಅವನು ಯಾರೆಂದು ಲಕ್ಕಮ್ಮನಿಗೆ ತಿಳಿಯದು. ಅವನ ಮುಖವನ್ನು ಆಕೆ ಕಂಡವಳಲ್ಲ. ಕಾಣದವನ ಪಾಲನ್ನೂ ಆಕೆ ಕಂಡಳು.

ವಯೋವಂಚನೆಯ ನಿಜವಾದ ಬಲಿಪಶು ಇಂತಹ ಕಾಣದವನೇ. ತಂಡದಲ್ಲಿ ಇಪ್ಪತ್ತೊಂದು ಸ್ಥಾನಗಳಿದ್ದರೆ ಇಪ್ಪತ್ತೆರಡನೆಯ ಹುಡುಗನು ಊರಿಗೆ ಹಿಂದಿರುಗುತ್ತಾನೆ. ಅವನು ನಿಜವಾಗಿ ಹದಿನಾರರವನು. ಹತ್ತೊಂಬತ್ತರವನ ಭುಜಕ್ಕೆ ಭುಜ ಕೊಡಲಾರದೆ ಬಿದ್ದವನು. ತನ್ನಲ್ಲಿ ಶಕ್ತಿಯಿಲ್ಲವೆಂದೇ ಅವನು ನಂಬುತ್ತಾನೆ. ಮೋಸಹೋದೆನೆಂದು ತಿಳಿದವನಿಗೆ ಕೋಪವಾದರೂ ಉಳಿಯುತ್ತದೆ. ಇವನಿಗೆ ತನ್ನ ಮೇಲಿನ ಅವಿಶ್ವಾಸವೊಂದೇ ಉಳಿಯುತ್ತದೆ. ಅವನೂ ಬಡವನೇ, ಅವನ ಹಿಂದೆಯೂ ತಾಯಿಯಿದ್ದಾಳೆ, ತಂಗಿಯರಿದ್ದಾರೆ. ಬಡತನದ ವಾದವು ಒಬ್ಬ ಬಡವನ ಪರವಾಗಿ ಮಾತನಾಡುತ್ತ ಇನ್ನೊಬ್ಬ ಬಡವನನ್ನು ಮರೆತುಬಿಡುತ್ತದೆ. ಸುಳ್ಳು ಕಾಗದವು ಸ್ವಿಟ್ಜರ್ಲೆಂಡಿನ ಹುಡುಗನಿಂದ ಕಸಿದುಕೊಳ್ಳುವುದು ಒಂದು ಪದಕವನ್ನು. ತನ್ನದೇ ಬೀದಿಯ ಹುಡುಗನಿಂದ ಕಸಿದುಕೊಳ್ಳುವುದು ಬಾಳನ್ನು.

ಎರಡನೆಯ ಪೂರ್ವಪಕ್ಷವು ಶರಣಧರ್ಮದ ಒಳಗಿನಿಂದಲೇ ಬರುತ್ತದೆ; ಆದುದರಿಂದ ಅದಕ್ಕೆ ಹೆಚ್ಚು ಗಮನ ಕೊಡಬೇಕು. ಹುಟ್ಟಿನಿಂದ ಮನುಷ್ಯನನ್ನು ಅಳೆಯಬಾರದೆಂದು ಶರಣರು ಸಾರಿದರಲ್ಲವೆ? ಗುರುವು ಇಷ್ಟಲಿಂಗವನ್ನು ಕರಸ್ಥಲಕ್ಕೆ ಕೊಟ್ಟ ದಿನವೇ ಭಕ್ತನ ಜನ್ಮದಿನ, ಅದಕ್ಕೆ ಹಿಂದಿನದು ಗಣನೆಗೆ ಬಾರದು ಎಂಬುದು ಸಿದ್ಧಾಂತವಲ್ಲವೆ? ಹಾಗಿರುವಲ್ಲಿ ಹುಟ್ಟಿದ ತಾರೀಖನ್ನು ಹಿಡಿದು ಒಬ್ಬನನ್ನು ಒಳಗೆ ಬಿಡುವುದೂ ಒಬ್ಬನನ್ನು ಹೊರಗೆ ನಿಲ್ಲಿಸುವುದೂ ಶರಣರಿಗೆ ಒಪ್ಪಿಗೆಯಾದೀತೆ? ಇದು ಮಾತಿನ ಚಮತ್ಕಾರವೆಂದು ತೋರಿದರೂ, ಉತ್ತರವನ್ನು ಹುಡುಕುವಾಗ ಒಂದು ದೊಡ್ಡ ಸಂಗತಿ ಕಣ್ಣಿಗೆ ಬೀಳುತ್ತದೆ.

ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ಹಡಪದ ಅಪ್ಪಣ್ಣ, ಸೂಳೆ ಸಂಕವ್ವೆ. ಈ ಹೆಸರುಗಳನ್ನು ಭಕ್ತರು ನಿತ್ಯ ಸ್ಮರಿಸುತ್ತಾರೆ. ಅವುಗಳ ಮೊದಲ ಪದವನ್ನು ಮಾತ್ರ ನಿಂತು ಆಲೋಚಿಸುವುದು ಕಡಿಮೆ. ಹುಟ್ಟು ಮತ್ತು ವೃತ್ತಿಗಳನ್ನು ಹಿಡಿದು ಲೋಕವು ಹೀಗಳೆಯುತ್ತಿದ್ದ ಕಾಲದಲ್ಲಿ, ದೀಕ್ಷೆ ಪಡೆದು ಹೊಸ ಬಾಳಿಗೆ ಬಂದ ಇವರು ಹಳೆಯ ಹೆಸರನ್ನು ತೊಡೆದುಹಾಕಬಹುದಾಗಿತ್ತು. ಬೇರೊಂದು ಊರಿನಿಂದ ಬಂದವರಿಗೆ ಅದು ಎಷ್ಟು ಸುಲಭ! ಅವರು ಹಾಗೆ ಮಾಡಲಿಲ್ಲ. ಎಲ್ಲಿಂದ ಬಂದೆವೆಂಬುದನ್ನು ಹೆಸರಿನ ಮೊದಲಲ್ಲಿಯೇ ಇಟ್ಟುಕೊಂಡು ಅನುಭವಮಂಟಪದಲ್ಲಿ ಕುಳಿತರು. ಹುಟ್ಟು ಮೇಲುಕೀಳಿನ ಅಳತೆಯಲ್ಲವೆಂದು ಸಾರಿದವರೇ ಹುಟ್ಟನ್ನು ಮರೆಮಾಚದೆ ನಿಂತರು. ಮರೆಮಾಚಿದ್ದರೆ, ಅಳೆಯುವವರ ಅಳತೆಯನ್ನು ಅವರು ಒಳಗೊಳಗೇ ಒಪ್ಪಿಕೊಂಡಂತಾಗುತ್ತಿತ್ತು. ಹುಟ್ಟಿದ ವರ್ಷವನ್ನು ಬಚ್ಚಿಡುವವನ ಸ್ಥಿತಿಯೂ ಇದೇ: ತಾನು ಇದ್ದಂತೆ ಸಾಲದೆಂಬ ಲೋಕದ ತೀರ್ಪಿಗೆ ಅವನು ಮೊದಲೇ ತಲೆಬಾಗಿರುತ್ತಾನೆ. ಇನ್ನು ಆಟದ ವಯೋಮಿತಿಯಾದರೋ ಮೇಲುಕೀಳಿನ ಗೋಡೆಯಲ್ಲ. ಬೆಳೆದವನ ಬಲದಿಂದ ಬೆಳೆಯುತ್ತಿರುವವನನ್ನು ಕಾಯುವ ಬೇಲಿ ಅದು. ದೊಡ್ಡವನಿಗೆ ದೊಡ್ಡವರ ಅಂಗಣವು ತೆರೆದೇ ಇದೆ.

ದೋಷವು ಯಾರದು ಎಂಬ ಪ್ರಶ್ನೆಗೆ ಈಗ ಬರಬಹುದು. ಜನನಪತ್ರವನ್ನು ಮಗು ಬರೆಯುವುದಿಲ್ಲ. ಅದನ್ನು ಬರೆಯುವವನು ಕಚೇರಿಯ ಗುಮಾಸ್ತ, ಬರೆಸುವವನು ತಂದೆ ಅಥವಾ ದಳ್ಳಾಳಿ, ಕಂಡೂ ಕಾಣದಂತಿರುವವನು ಆಟ ಕಲಿಸುವ ಗುರು, ಗೆಲುವು ಬಂದಾಗ ಮಾಲೆ ಹಾಕಿಸಿಕೊಳ್ಳುವವರು ಸಂಘದ ಅಧಿಕಾರಿಗಳು. ಸುಳ್ಳು ಹೊರಬಿದ್ದ ದಿನ ಪತ್ರಿಕೆಗಳಲ್ಲಿ ಅಚ್ಚಾಗುವ ಹೆಸರು ಮಾತ್ರ ಹುಡುಗನದು. ೨೦೧೫ರ ದಶಂಬರದಲ್ಲಿ ದೆಹಲಿಯಲ್ಲಿ ಪಟೌಡಿ ಸ್ಮಾರಕ ಉಪನ್ಯಾಸವನ್ನು ಕೊಡುತ್ತ, ಕನ್ನಡನಾಡಿನ ಹೆಸರಾಂತ ಕ್ರಿಕೆಟ್ ಆಟಗಾರ ರಾಹುಲ್ ದ್ರಾವಿಡರು ಕಿರಿಯರ ಕ್ರಿಕೆಟ್ಟಿನಲ್ಲಿ ಹಬ್ಬಿರುವ ಇದೇ ರೋಗವನ್ನು ಕಟುವಾಗಿ ಖಂಡಿಸಿದರು. ತಂದೆತಾಯಿಗಳೂ ಗುರುವೂ ಸೇರಿ ತನ್ನ ಪ್ರಾಯವನ್ನು ತಿದ್ದುವುದನ್ನು ಕಣ್ಣಾರೆ ಕಂಡ ಮಗುವು ಅದರಿಂದ ಏನನ್ನು ಕಲಿಯುತ್ತದೆ ಎಂಬುದು ಅವರ ಪ್ರಶ್ನೆಯ ಸಾರ. ಆಟ ಬೇರೆಯಾದರೂ ಪ್ರಶ್ನೆ ಒಂದೇ. ನಮ್ಮ ಕ್ರಿಕೆಟ್ ಮಂಡಳಿಯೂ ಹದಿನಾರರೊಳಗಿನ ಹುಡುಗರ ಮಣಿಕಟ್ಟಿನ ಎಲುಬನ್ನು ನೋಡಿಯೇ ಆಟಕ್ಕೆ ಬಿಡುವ ಕಾಲ ಬಂದಿರುವಾಗ, ಇದು ಆಫ್ರಿಕದವರ ದೋಷವೆಂದು ಯಾರೂ ಮೂಗು ಮುರಿಯುವಂತಿಲ್ಲ.

ಕನ್ನಡನಾಡಿನ ಹಳ್ಳಿಗಳಲ್ಲಿ ಹಿಂದಿನ ತಲೆಮಾರಿನವರ ಶಾಲಾದಾಖಲೆಗಳನ್ನು ತೆರೆದರೆ, ಜೂನ್ ತಿಂಗಳ ಮೊದಲ ದಿನವೇ ಹುಟ್ಟಿದವರು ಅದೆಷ್ಟೋ ಮಂದಿ ಸಿಗುತ್ತಾರೆ. ಶಾಲೆ ತೆರೆಯುವ ಕಾಲದಲ್ಲಿ ಹುಡುಗನನ್ನು ಕರೆತಂದ ತಂದೆಗೆ ಜನ್ಮದಿನ ತಿಳಿಯದು. ಮಾರೀಮಳೆಯ ವರ್ಷವೋ ಬರಗಾಲದ ಮರುವರ್ಷವೋ ಎಂದು ಅವನು ತೊದಲುವಾಗ ಉಪಾಧ್ಯಾಯರು ಕೈಗೆ ಬಂದ ಒಂದು ದಿನವನ್ನು ಬರೆದುಕೊಂಡರು. ಅದರಲ್ಲಿ ದುರುದ್ದೇಶವಿರಲಿಲ್ಲ. ಆದರೆ ನೌಕರಿಯಲ್ಲಿ ಎರಡು ವರ್ಷ ಹೆಚ್ಚಿಗೆ ಸಿಗಲೆಂದು ತಿಳಿದೂ ತಿಳಿದೂ ಕಡಿಮೆ ಬರೆಸಿದವರೂ ಇದ್ದರು, ಬರೆದುಕೊಟ್ಟವರೂ ಇದ್ದರು. ಅಂತಹ ಸುಳ್ಳಿನ ಮೇಲೆ ನಿಂತ ಸಂಬಳದಿಂದಲೇ ಜಂಗಮರಿಗೆ ಪಾದಪೂಜೆಯೂ ನಡೆದಿರಬಹುದು. ಜನನ ಮರಣಗಳ ನೋಂದಣಿಯ ಕಾನೂನು ೧೯೬೯ರಲ್ಲಿ ಬಂದ ಮೇಲೆಯೂ ಈ ಅಭ್ಯಾಸವು ಒಮ್ಮೆಗೇ ಅಳಿಯಲಿಲ್ಲ. ಸತ್ಯಶುದ್ಧವಾದ ಕಾಯಕದಿಂದ ಬಂದುದು ಮಾತ್ರ ಲಿಂಗಾರ್ಪಣಕ್ಕೆ ಸಲ್ಲುವುದೆಂಬ ಮಾತನ್ನು ಬಾಯಲ್ಲಿ ಆಡುವ ಗೃಹಸ್ಥನು ದೂರದ ದೇಶದ ಹುಡುಗನನ್ನು ತೆಗಳುವ ಮುಂಚೆ ತನ್ನ ಪೆಟ್ಟಿಗೆಯೊಳಗಿನ ಕಾಗದಗಳನ್ನು ಒಮ್ಮೆ ತೆಗೆದು ನೋಡುವುದು ಲೇಸು.

ಆರೋಪ ಮಾಡುವವರ ಧರ್ಮವನ್ನೂ ವಿಚಾರಿಸದೆ ಬಿಡಲಾಗದು. ೨೦೧೪ರಲ್ಲಿ ಇಟಲಿಯ ರೋಮ್ ನಗರದ ಲಾಟ್ಸಿಯೊ ತಂಡದಲ್ಲಿ ಜೋಸೆಫ್ ಮಿನಾಲಾ ಎಂಬ ಹದಿನೇಳು ವರ್ಷದ ಕ್ಯಾಮರೂನಿನ ಹುಡುಗನಿದ್ದನು. ಅವನ ಮುಖವು ಪ್ರಾಯಕ್ಕೆ ಮೀರಿ ಬಲಿತಂತೆ ಕಾಣುತ್ತಿತ್ತು. ಅಷ್ಟೇ ಸಾಕಾಯಿತು. ಅವನಿಗೆ ನಾಲ್ವತ್ತು ದಾಟಿದೆಯೆಂದೂ, ಅವನೇ ಹಾಗೆಂದು ಒಪ್ಪಿಕೊಂಡನೆಂದೂ ಸುದ್ದಿ ಹಬ್ಬಿ ಜಗತ್ತೇ ನಕ್ಕಿತು. ತಾನು ಹಾಗೆ ಹೇಳಿಲ್ಲವೆಂದು ಹುಡುಗನು ಹೇಳಿದನು; ತಂಡವೂ ಅವನ ಪಕ್ಷದಲ್ಲಿ ನಿಂತಿತು. ಇಟಲಿಯ ಕಾಲ್ಚೆಂಡಾಟ ಸಂಘವು ವಿಚಾರಣೆ ನಡೆಸಿ, ದೋಷವೇನೂ ಇಲ್ಲವೆಂದು ಅದೇ ವರ್ಷ ಪ್ರಕರಣವನ್ನು ಮುಗಿಸಿತು. ನಗೆಯನ್ನು ಮಾತ್ರ ಯಾರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮುಖವನ್ನು ನೋಡಿ ಪ್ರಾಯವನ್ನು ತೀರ್ಮಾನಿಸುವ ಈ ಚಪಲವು ಹೆಚ್ಚಾಗಿ ಕಪ್ಪು ಬಣ್ಣದ ಹುಡುಗರ ಮೇಲೆಯೇ ಎರಗುವುದನ್ನು ಗಮನಿಸಿದರೆ, ಅದರ ಬೇರು ಸತ್ಯಪ್ರೀತಿಯಲ್ಲಿಲ್ಲವೆಂದು ತಿಳಿಯುತ್ತದೆ. ಹೊರಗಿನ ಚಿಹ್ನೆಯನ್ನು ನೋಡಿ ಒಳಗನ್ನು ತೀರ್ಮಾನಿಸುವವರ ಕೈಯಲ್ಲಿ ಶರಣರು ಪಟ್ಟ ಪಾಡನ್ನು ಬಲ್ಲ ಸಮಾಜಕ್ಕೆ ಇದನ್ನು ವಿವರಿಸಬೇಕಾಗಿಲ್ಲ.

ಹಾಗೆಂದು ಸುಮ್ಮನಿರುವುದೂ ಧರ್ಮವಲ್ಲ. ಗಣಾಚಾರವೆಂಬುದು ಪಂಚಾಚಾರಗಳಲ್ಲೊಂದು, ಧರ್ಮಕ್ಕೆ ಕುಂದು ಬಂದಾಗ ಸಹಿಸದಿರುವುದು ಅದರ ಅರ್ಥ. ಆದರೆ ಅದು ಮೊದಲು ಸಲ್ಲಬೇಕಾದದ್ದು ತನ್ನ ಮನೆಯೊಳಗೆ. ೨೦೦೯ರ ಸ್ಪರ್ಧೆಯ ಕಾಲದಲ್ಲಿ ನೈಜೀರಿಯಾ ತಂಡದ ಪ್ರಾಯದ ವಿಷಯವಾಗಿ ಬಹಿರಂಗವಾಗಿ ಪ್ರಶ್ನೆಯೆತ್ತಿದವರಲ್ಲಿ ಮುಖ್ಯರು ಸ್ವತಃ ಆ ದೇಶಕ್ಕಾಗಿ ಆಡಿ ಹೆಸರು ಪಡೆದಿದ್ದ, ನ್ಯಾಯವಾದಿಗಳೂ ಆದ ಅಡೊಕಿಯೆ ಅಮಿಯೆಸಿಮಾಕ. ಅವರ ಮಾತಿನ ವಿವರಗಳಲ್ಲಿ ಎಷ್ಟು ಸರಿಯೆಂಬ ಚರ್ಚೆ ಹಾಗಿರಲಿ. ತನ್ನ ದೇಶದಲ್ಲಿಯೇ ಸ್ಪರ್ಧೆ ನಡೆಯುತ್ತಿರುವಾಗ, ತನ್ನ ತಂಡವೇ ಗೆಲ್ಲುತ್ತಿರುವಾಗ, ಇದು ಸರಿಯೆ ಎಂದು ಕೇಳುವುದು ಸಣ್ಣ ಧೈರ್ಯದ ಕೆಲಸವಲ್ಲ. ೨೦೨೩ರ ಜನವರಿಯಲ್ಲಿ ಕ್ಯಾಮರೂನಿನ ಸಂಘವು, ಹಿಂದೆ ಜಗತ್ಪ್ರಸಿದ್ಧ ಆಟಗಾರರಾಗಿದ್ದ ಸಾಮ್ಯುಯೆಲ್ ಎಟೊ ಅವರ ಅಧ್ಯಕ್ಷತೆಯಲ್ಲಿ, ಹದಿನೇಳರೊಳಗಿನ ತನ್ನ ೩೦ ಮಂದಿ ಹುಡುಗರನ್ನು ಪರೀಕ್ಷೆಗೆ ಕಳುಹಿಸಿತು. ೨೧ ಮಂದಿ ತೇರ್ಗಡೆಯಾಗಲಿಲ್ಲ. ಮಧ್ಯ ಆಫ್ರಿಕದ ಅರ್ಹತಾಪಂದ್ಯಗಳು ಲಿಂಬೆ ಎಂಬ ಊರಿನಲ್ಲಿ, ಎಂದರೆ ತನ್ನ ನೆಲದಲ್ಲಿಯೇ, ಕೆಲವೇ ದಿನಗಳಲ್ಲಿ ಆರಂಭವಾಗುವುದಿತ್ತು. ಸಂಘವು ಆ ೨೧ ಮಂದಿಯನ್ನೂ ಬಿಟ್ಟು, ಸಂಖ್ಯೆಯನ್ನು ಮುಚ್ಚಿಡದೆ ಪ್ರಕಟಿಸಿತು. ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಸುರಿದು ಬಂದ ಮಾರಯ್ಯನ ಜೋಳಿಗೆಯೂ ಅಂದು ಹೀಗೆಯೇ ಹಗುರವಾಗಿದ್ದಿರಬೇಕು.

ಆದರೆ ಆ ಇಪ್ಪತ್ತೊಂದು ಹುಡುಗರ ಗತಿಯೇನು? ಅವರಿಗೆ ಸುಳ್ಳನ್ನು ಹೇಳಿಕೊಟ್ಟವರು ಯಾರು? ಆ ಹೇಳಿಕೊಟ್ಟವರು ಇನ್ನೂ ಅಂಗಣದ ಅಂಚಿನಲ್ಲಿ ಸೀಟಿ ಹಿಡಿದು ನಿಂತಿರಬಹುದಲ್ಲವೆ? ಯಂತ್ರಕ್ಕೆ ಈ ಪ್ರಶ್ನೆಗಳನ್ನು ಕೇಳಲು ಬಾರದು. ಗುರುವನ್ನು ಅರಿವೆಂದು ಕರೆದ ಪರಂಪರೆಯಲ್ಲಿ, ಶಿಷ್ಯನಿಗೆ ಮರವೆಯನ್ನು ಕಲಿಸುವ ಗುರುವಿನ ಪಾಪವು ಶಿಷ್ಯನ ಪಾಪಕ್ಕಿಂತ ಹಿರಿದೆಂಬುದರಲ್ಲಿ ಸಂಶಯವಿಲ್ಲ. ಶಿಕ್ಷೆಯು ಅಲ್ಲಿಂದಲೇ ಮೊದಲಾಗಬೇಕು. ಹುಡುಗನಿಗಾದರೋ ಹಿಂದಿರುಗುವ ದಾರಿಯೊಂದು ತೆರೆದಿರಬೇಕು.

ಆ ದಾರಿಯಲ್ಲಿ ನಡೆದವನೊಬ್ಬನ ವೃತ್ತಾಂತವುಂಟು. ಬ್ರೆಜಿಲ್ ದೇಶದ ಲೂಸಿಯಾನೊ ಎಂಬ ಬಡ ಯುವಕನು ತನ್ನ ಹೆಸರನ್ನೂ ಪ್ರಾಯವನ್ನೂ ಬಿಟ್ಟು, ಎರಿಬೆರ್ಟೊ ಎಂಬ ಬೇರೊಂದು ಹೆಸರಿನಲ್ಲಿ ಪಾಲ್ಮೇರಾಸ್ ತಂಡವನ್ನು ಸೇರಿದನು. ಅವನು ಹುಟ್ಟಿದ್ದು ೧೯೭೫ರ ದಶಂಬರದಲ್ಲಿ; ಕಾಗದದಲ್ಲಿ ಇದ್ದುದು ೧೯೭೯ರ ಜನವರಿ. ಆ ಹೆಸರಿನಲ್ಲಿಯೇ ೧೯೯೮ರಲ್ಲಿ ಇಟಲಿಯ ಬೊಲೋನ್ಯ ತಂಡಕ್ಕೆ ಬಂದನು, ಅನಂತರ ವೆರೋನ ನಗರದ ಕಿಯೇವೊ ತಂಡಕ್ಕೆ ಹೋದನು. ಸಣ್ಣದೊಂದು ಬಡಾವಣೆಯ ಆ ತಂಡವು ೨೦೦೧ರಲ್ಲಿ ಮೊದಲ ಬಾರಿಗೆ ಇಟಲಿಯ ಅತ್ಯುಚ್ಚ ಶ್ರೇಣಿಗೆ ಏರಿ, ಆ ವರ್ಷವೇ ಐದನೆಯ ಸ್ಥಾನ ಪಡೆದು ಎಲ್ಲರನ್ನೂ ಬೆರಗುಗೊಳಿಸಿತು. ಎರಿಬೆರ್ಟೊನ ಹೆಸರು ಎಲ್ಲರ ಬಾಯಲ್ಲಿತ್ತು. ಧನವಿತ್ತು, ಕೀರ್ತಿಯಿತ್ತು, ಹಿಡಿಯುವವರು ಯಾರೂ ಇರಲಿಲ್ಲ. ಆದರೆ ಜನರು ಕೂಗಿ ಕರೆಯುತ್ತಿದ್ದುದು ಇಲ್ಲದವನೊಬ್ಬನನ್ನು. ಇದ್ದವನು ಆ ಹೆಸರಿನ ಕೆಳಗೆ ಹೂತುಹೋಗಿದ್ದನು. ೨೦೦೨ರಲ್ಲಿ, ಏಳಿಗೆಯ ತುತ್ತತುದಿಯಲ್ಲಿರುವಾಗಲೇ, ಅವನು ತಾನಾಗಿ ಮುಂದೆ ಬಂದು, ತನ್ನ ಹೆಸರು ಲೂಸಿಯಾನೊ ಎಂದೂ, ಪ್ರಾಯವು ಕಾಗದದಲ್ಲಿರುವುದಕ್ಕಿಂತ ಮೂರು ವರ್ಷಕ್ಕೂ ಹೆಚ್ಚೆಂದೂ ಹೇಳಿದನು. ಆಟದಿಂದ ಕೆಲವು ತಿಂಗಳ ಬಹಿಷ್ಕಾರವೂ ದಂಡವೂ ಬಂದವು. ಅವನು ಅವುಗಳನ್ನು ತೀರಿಸಿ ಹಿಂದಿರುಗಿದನು. ಕಿಯೇವೊ ತಂಡವು ಅವನನ್ನು ಕೈಬಿಡಲಿಲ್ಲ. ಅಲ್ಲಿಂದ ಮುಂದೆ ಅವನು ಅದೇ ಹಳದಿ ನೀಲಿ ಅಂಗಿಯಲ್ಲಿ ಹಲವು ವರ್ಷ, ಮೂವತ್ತೈದು ದಾಟಿದ ಮೇಲೆಯೂ, ಆಡಿದನು. ಪ್ರೇಕ್ಷಕರು ಅವನನ್ನು ಲೂಸಿಯಾನೊ ಎಂದು ಕೂಗಿ ಕರೆದರು.